ಓದುಗರ ಪ್ರಶ್ನೆ: ಇಂಜಿನ್ ಜಿಡ್ಡಿಗೆ ಡೀಸೆಲ್ ಸಾಕಲ್ವಾ?

"ಆಯುಧಪೂಜೆಗೆ ಬೈಕ್ ತೊಳೀಬೇಕು ಸಾರ್. ಇಂಜಿನ್ ತುಂಬಾ ಜಿಡ್ಡು. ಗಾಡಿ ನಿಲ್ಲಿಸೋ ಕಡೆ ಕಾಂಕ್ರೀಟ್ ಮೇಲೂ ಆಯಿಲ್ ಕಲೆ. ಎರಡಕ್ಕೂ ಡೀಸೆಲ್ ಹೊಡೆದ್ರೆ ಸಾಕಲ್ವಾ?"

ಸಾಲದು. ಇಂಜಿನ್‌ಗೂ ಸಾಲದು, ನೆಲಕ್ಕಂತೂ ಬೇಡವೇ ಬೇಡ.

ನವರಾತ್ರಿ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಬರೆದು ಬರೆದು ನನಗೂ ಸಾಕಾಗಿದೆ. ಬೇಡ ಅಂದರೆ ಒಂದು ಗಾದೆ ಎದುರಿಗಿಡುತ್ತಾರೆ: ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಎಣ್ಣೆಯನ್ನು ಎಣ್ಣೆಯಿಂದಲೇ ತೆಗೆಯಬೇಕು. ಗಾದೆ ಸರಿ ಇದೆ, ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ ಅಷ್ಟೆ.

ಹಲಸಿನ ಹಣ್ಣು ಬಿಡಿಸುವವರನ್ನು ನೋಡಿ. ಕೈಗೆ ಅಂಟಿದ ಮೇಣ ನೀರಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೆ ಕರಗಿ ಬಿಡುತ್ತದೆ. ಆದರೆ ಅದೇ ಕೈಯಲ್ಲಿ ಯಾರಾದರೂ ಊಟಕ್ಕೆ ಕೂರುತ್ತಾರಾ? ಸೋಪು ಹಾಕಿ ತೊಳೆಯುತ್ತಾರೆ. ಮೇಣವನ್ನು ಕರಗಿಸಿದ್ದು ಎಣ್ಣೆ, ಅದನ್ನು ಕೈಯಿಂದ ಹೊರಗೆ ಕಳಿಸಿದ್ದು ಸೋಪು. ಡೀಸೆಲ್ ಇಲ್ಲಿ ಕೊಬ್ಬರಿ ಎಣ್ಣೆ ಇದ್ದ ಹಾಗೆ. ಹಳೆ ಗ್ರೀಸನ್ನು ಕರಗಿಸುತ್ತದೆ, ನಿಜ. ಕರಗಿದ ಕೊಳೆ ಮಾತ್ರ ತೆಳ್ಳಗೆ ಹರಡಿಕೊಂಡು ಇಂಜಿನ್ ಮೇಲೇ ಕೂರುತ್ತದೆ.

"ಆದರೆ ಎಷ್ಟು ಹೊಳೆಯುತ್ತೆ ನೋಡಿ!" ಅಂತೀರಿ. ಒದ್ದೆ ಕಲ್ಲೂ ಹೊಳೆಯುತ್ತದೆ. ವಾಟರ್ ಸರ್ವಿಸ್‌ನವರು ಕೊನೆಗೆ ಗನ್ನಿನಲ್ಲಿ ಡೀಸೆಲ್ ಹೊಡೆದು ಕಳಿಸುವುದು ಈ ಹೊಳಪಿಗಾಗಿಯೇ. ನಾಲ್ಕು ದಿನ ಮಣ್ಣು ರಸ್ತೆಯಲ್ಲಿ ಓಡಿಸಿ, ಆಮೇಲೆ ಇಂಜಿನ್ನಿನ ರೆಕ್ಕೆಗಳ ನಡುವೆ ಬೆರಳು ಹಾಕಿ. ಕೆಂಪು ಧೂಳು, ಡೀಸೆಲ್ ಎರಡೂ ಸೇರಿ ಸಗಣಿ ಸಾರಿಸಿದ ಹಾಗೆ ಪದರ ಕಟ್ಟಿರುತ್ತದೆ. ಗಾಳಿಯಿಂದ ತಣ್ಣಗಾಗುವ ಇಂಜಿನ್‌ಗೆ ಆ ರೆಕ್ಕೆಗಳಿರುವುದೇ ಬಿಸಿ ಹೊರಗೆ ಬಿಡೋಕೆ. ಅದಕ್ಕೆ ನಾವೇ ಕಂಬಳಿ ಹೊದಿಸಿದ ಹಾಗಾಯಿತು.

ಮುಂದಿನ ವಾದ: "ಡೀಸೆಲ್ ಹೊಡೆದ್ರೆ ತುಕ್ಕು ಹಿಡಿಯಲ್ಲ." ಎಣ್ಣೆ ಪದರ ಸ್ವಲ್ಪ ದಿನ ಕಬ್ಬಿಣಕ್ಕೆ ನೀರು ತಾಗದಂತೆ ತಡೆಯುತ್ತದೆ, ಒಪ್ಪಿದೆ. ಆದರೆ ಇಂಜಿನ್ನಿನ ಹೊರಮೈ ಹೆಚ್ಚಿನ ಬೈಕುಗಳಲ್ಲಿ ಅಲ್ಯೂಮಿನಿಯಂ. ಅದಕ್ಕೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದೇ ಇಲ್ಲ! ಬೋಲ್ಟುಗಳಿಗೆ ಹಿಡಿಯಬಹುದು, ಸೈಲೆನ್ಸರ್‌ಗೆ ಹಿಡಿಯಬಹುದು. ಸೈಲೆನ್ಸರ್ ಮೇಲಿನ ಡೀಸೆಲ್ ಎರಡು ಕಿಲೋಮೀಟರ್ ಓಡುವಷ್ಟರಲ್ಲಿ ಹೊಗೆಯಾಗಿ ಹೋಗುತ್ತದೆ, ಕಲೆ ಮಾತ್ರ ಉಳಿಯುತ್ತದೆ.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಗನ್ನಿನಿಂದ ಹಾರುವ ಡೀಸೆಲ್ ಮಂಜಿಗೆ ಇಂಜಿನ್ ಯಾವುದು, ಬ್ರೇಕ್ ಯಾವುದು ಗೊತ್ತಾಗುವುದಿಲ್ಲ. ಡಿಸ್ಕ್ ಮೇಲೆ ಕೂತರೆ ಪ್ಯಾಡು ಅದನ್ನು ಹೀರುತ್ತದೆ. ಡ್ರಮ್ಮಿನೊಳಗೆ ಹೋದರೆ ಬ್ರೇಕ್ ಶೂ ಹೀರುತ್ತದೆ. ಒಮ್ಮೆ ಹಾಗೆ ಸರ್ವಿಸ್ ಮಾಡಿಸಿ ಹೊರಟ ನಾನು ಮೊದಲ ಹಂಪಿನಲ್ಲೇ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಲೇ ಇಲ್ಲ. ಹಂಪು ಇದ್ದದ್ದಕ್ಕೆ ಬಚಾವಾದೆ. ಇದರ ಮೇಲೆ ರಬ್ಬರ್ ಬೇರೆ ಇದೆ: ಫುಟ್‌ರೆಸ್ಟ್, ಸ್ಟ್ಯಾಂಡಿನ ಬುಷ್. ಮಾಮೂಲಿ ರಬ್ಬರ್ ಡೀಸೆಲ್ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ.

ಪೆಟ್ರೋಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ತೆವಳಿಕೊಂಡು ಹೋಗುತ್ತದೆ. ಪಕ್ಕದಲ್ಲೇ ನೀರಿನ ಪಂಪಿನ ಸ್ವಿಚ್ಚು ಇರುತ್ತದೆ, ಪೂಜೆಯ ದಿನ ಊದುಬತ್ತಿಯೂ ಹೊತ್ತಿರುತ್ತದೆ. ಬೇಡ ಅಂದರೆ ಬೇಡ.

ಹಾಗಾದರೆ ಏನು ಮಾಡಬೇಕು? ಮೊದಲು ಇಂಜಿನ್ ತಣ್ಣಗಾಗಲಿ. ಗಾಡಿ ನೆರಳಲ್ಲಿರಲಿ. ಸೈಲೆನ್ಸರ್ ಬಾಯಿಗೆ, ಗಾಳಿ ಎಳೆಯುವ ಕಡೆಗೆ ಪ್ಲಾಸ್ಟಿಕ್ ಕಟ್ಟಿ. ಗಟ್ಟಿಯಾದ ಕಪ್ಪು ಹೆಂಟೆಯನ್ನು ಐಸ್‌ಕ್ಯಾಂಡಿ ಕಡ್ಡಿಯಲ್ಲಿ ಕೆರೆಯಿರಿ. ಕಬ್ಬಿಣದ ಬ್ರಷ್ ಬೇಡ. ಆಮೇಲೂ ಹಟ ಹಿಡಿದ ಜಾಗಕ್ಕೆ ಮಾತ್ರ ಬ್ರಷ್ಷಿನಲ್ಲಿ ಸ್ವಲ್ಪ ಸೀಮೆಎಣ್ಣೆ ಹಚ್ಚಿ. ನಂತರ ಇಡೀ ಇಂಜಿನ್‌ಗೆ ಡಿಗ್ರೀಸರ್ (ಜಿಡ್ಡು ತೆಗೆಯೋಕೆ ಅಂತಲೇ ಸಿಗುವ ದ್ರಾವಣ), ಅಥವಾ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್. ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ, ಒಣಗುವ ಮೊದಲೇ ಪೈಪಿನ ಸಾಧಾರಣ ನೀರಲ್ಲಿ ತೊಳೆಯಿರಿ. ಬಟ್ಟೆಯಿಂದ ಒರೆಸಿ. ಪ್ಲಾಸ್ಟಿಕ್ ಬಿಚ್ಚಿ. ಹತ್ತು ನಿಮಿಷ ಇಂಜಿನ್ ಓಡಿಸಿದರೆ ಸಂದಿಯ ನೀರೂ ಆರುತ್ತದೆ.

ಡಿಗ್ರೀಸರ್ ಕೊಳ್ಳುವಾಗ ಅಲ್ಯೂಮಿನಿಯಂಗೆ ಆಗುತ್ತದಾ ಅಂತ ಡಬ್ಬಿಯ ಮೇಲೆ ಓದಿ. ಕಾಸ್ಟಿಕ್ ಸೋಡಾ ಇದ್ದರೆ ಇಂಜಿನ್ ಹತ್ತಿರವೂ ತರಬೇಡಿ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾದಲ್ಲಿ ನೆನೆಸಿದರೆ ಕಪ್ಪಾಗುತ್ತದಲ್ಲ, ಅದೇ ಕಥೆ ಇಲ್ಲೂ ಆಗುತ್ತದೆ.

ಈಗ ನೆಲ. ಕಾಂಕ್ರೀಟ್ ಗಟ್ಟಿಯಾಗಿ ಕಂಡರೂ ಅದರ ತುಂಬ ಸಣ್ಣ ಸಣ್ಣ ರಂಧ್ರಗಳು. ಡೀಸೆಲ್ ಸುರಿದರೆ ಕರಗಿದ ಕಪ್ಪು ಇನ್ನೂ ಆಳಕ್ಕೆ ಇಳಿದು ಅಂಗೈಯಗಲದ ಕಲೆ ಮೊರದಗಲ ಆಗುತ್ತದೆ. ಬಾತ್‌ರೂಮ್ ಆ್ಯಸಿಡ್ ಸುರಿಯುವವರೂ ಇದ್ದಾರೆ. ನೊರೆ ಬಂದದ್ದು ನೋಡಿ ಕಲೆ ಹೋಗುತ್ತಿದೆ ಅಂದುಕೊಳ್ಳುತ್ತಾರೆ. ಕರಗುತ್ತಿರುವುದು ಸಿಮೆಂಟು, ಎಣ್ಣೆಯಲ್ಲ!

ಆಯಿಲ್ ಈಗಷ್ಟೇ ಚೆಲ್ಲಿದ್ದರೆ ನೀರು ಹಾಕಬೇಡಿ. ಮರದ ಹೊಟ್ಟು ಅಥವಾ ಒಲೆ ಬೂದಿ ಸುರಿದು, ಒಂದೆರಡು ಗಂಟೆ ಬಿಟ್ಟು ಗುಡಿಸಿ. ಹಳೆ ಕಲೆಗೆ ಬಟ್ಟೆಯ ಸೋಪಿನ ಪುಡಿ ಹಾಕಿ, ಬಿಸಿ ನೀರು ಚಿಮುಕಿಸಿ, ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ. ಆಮೇಲೂ ನೆರಳಿನಂತೆ ಉಳಿದರೆ ಬಿಳಿ ರಂಗೋಲಿ ಪುಡಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಚಟ್ನಿಯ ಹದಕ್ಕೆ ಕಲಸಿ, ಕಲೆ ಮೇಲೆ ಒಂದು ಬೆರಳು ದಪ್ಪ ಬಳಿಯಿರಿ. ಅದು ಒಣಗುತ್ತಾ ಒಳಗಿನ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಮಾರನೇ ದಿನ ಕೆರೆದು ನೋಡಿ, ಪುಡಿಗೆ ಬಣ್ಣ ತಿರುಗಿರುತ್ತದೆ. ವರ್ಷದ ಕಲೆಗೆ ಎರಡು ಮೂರು ಸಲ ಮಾಡಬೇಕಾಗಬಹುದು. ಎಣ್ಣೆ ಹೀರಿದ ಹೊಟ್ಟನ್ನು ಚರಂಡಿಗೆ ತಳ್ಳಬೇಡಿ, ಒಲೆಗೂ ಹಾಕಬೇಡಿ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಆ ಆಯಿಲ್ ಬಂದದ್ದಾದರೂ ಎಲ್ಲಿಂದ? ಸರಿ ಇರುವ ಇಂಜಿನ್ ನೆಲಕ್ಕೆ ತೊಟ್ಟಿಕ್ಕುವುದಿಲ್ಲ. ಮುಂದಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಕವರ್ ಸುತ್ತ ಮಾತ್ರ ಕಪ್ಪು ಹೆಂಟೆ ಇದ್ದರೆ ಅದು ಹೆಚ್ಚಿನಂಶ ಚೈನಿಗೆ ಹಾಕಿದ ಎಣ್ಣೆಯೇ ಸಿಡಿದದ್ದು, ಹೆದರಬೇಡಿ. ಕೆಳಗೆ ಹನಿ ಬೀಳುತ್ತಿದ್ದರೆ ಹಳೆ ಆಯಿಲ್ ಇಳಿಸೋಕೆ ಬಿಚ್ಚುವ ಡ್ರೈನ್ ಬೋಲ್ಟಿನ ವಾಷರ್ ನೋಡಿ, ಗೇರ್ ಶಾಫ್ಟಿನ ಆಯಿಲ್ ಸೀಲ್ ನೋಡಿ.

ಕಣ್ಣಿಗೆ ಕಾಣದಿದ್ದರೆ ಮುಖಕ್ಕೆ ಹಾಕುವ ಪೌಡರ್ ತನ್ನಿ. ತಮಾಷೆಯಲ್ಲ. ತೊಳೆದು ಆರಿದ ಇಂಜಿನ್ ಮೇಲೆ ತೆಳ್ಳಗೆ ಉದುರಿಸಿ, ಐದಾರು ಕಿಲೋಮೀಟರ್ ಓಡಿಸಿ ಬನ್ನಿ. ಸೋರುವ ಕಡೆ ಪೌಡರ್ ಒದ್ದೆಯಾಗಿ ಗೆರೆ ಮೂಡಿರುತ್ತದೆ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ಗೆರೆಯ ಕೊನೆ ನೋಡಬೇಡಿ, ಎಲ್ಲಕ್ಕಿಂತ ಮೇಲೆ, ಮುಂದೆ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ಬೆರಳಿಟ್ಟು ಮೆಕ್ಯಾನಿಕ್‌ಗೆ ತೋರಿಸಿ.