ಕೂದಲೆಳೆಗಿಂತ ಸಣ್ಣ ಸಂದು

ಹಳೇ ಇಂಜಿನ್ ಬಿಚ್ಚಿ ಟೇಬಲ್ ಮೇಲೆ ಹರಡಿದಾಗ ಮೊದಲ ಸಲ ನೋಡುವವರಿಗೆ ಒಂದು ಅನುಮಾನ ಬರುತ್ತದೆ. ಎಲ್ಲಾ ಚೆನ್ನಾಗೇ ಇದೆಯಲ್ಲ! ಪಿಸ್ಟನ್ ಒಡೆದಿಲ್ಲ, ಅದರ ಓಡಾಟವನ್ನು ತಿರುಗಾಟ ಮಾಡುವ ಕ್ರ್ಯಾಂಕ್ ಮುರಿದಿಲ್ಲ, ಸಿಲಿಂಡರ್ ಒಳಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಆದರೂ ನಿನ್ನೆವರೆಗೆ ಇದು ನೀಲಿ ಹೊಗೆ ಬಿಡುತ್ತಿತ್ತು, ಆಯಿಲ್ ಕುಡಿಯುತ್ತಿತ್ತು, ಗುಡ್ಡ ಬಂದರೆ ಏದುಸಿರು ಬಿಡುತ್ತಿತ್ತು.

ಕಾಯಿಲೆ ಇರುವುದು ಆ ಹೊಳಪಿನಲ್ಲೇ.

ಸಿಲಿಂಡರ್ ಗೋಡೆ ಹೊಸದಾಗಿದ್ದಾಗ ನುಣ್ಣಗಿರುವುದಿಲ್ಲ. ಅದರ ತುಂಬ ಒಂದನ್ನೊಂದು ಅಡ್ಡ ಹಾಯುವ ಸಣ್ಣ ಗೀರುಗಳಿರುತ್ತವೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ವರ್ಷಗಟ್ಟಲೆ ಪಿಸ್ಟನ್ ಸುತ್ತ ಕೂತ ರಿಂಗ್ ಉಜ್ಜಿ ಉಜ್ಜಿ ಗೀರು ಮಾಯವಾದರೆ ಆಯಿಲ್‌ಗೆ ಹಿಡಿದುಕೊಳ್ಳಲು ಜಾಗವೇ ಇಲ್ಲ. ಈಗ ಸಿಲಿಂಡರ್ ಬಾಯಿಯಿಂದ ತುಸು ಕೆಳಗೆ ಉಗುರು ಆಡಿಸಿ ನೋಡಿ. ಒಂದು ಸಣ್ಣ ಅಂಚಿಗೆ ತಡೆಯುತ್ತದೆ. ಅದರ ಮೇಲೆ ಸವೆದಿಲ್ಲ, ಕೆಳಗೆ ಸವೆದಿದೆ. ಮೇಲಿನ ರಿಂಗ್ ಪ್ರತಿ ಸಲ ಬಂದು ತಿರುಗಿ ಹೋಗುವ ಜಾಗ ಅದು.

ಸವೆತ ಅಲ್ಲೇ ಜಾಸ್ತಿ ಯಾಕೆ? ಪಿಸ್ಟನ್ ಓಡುತ್ತಿರುವಾಗ ರಿಂಗ್ ಆಯಿಲ್ ಮೇಲೆ ತೇಲುತ್ತದೆ. ತುದಿಗೆ ಬಂದಾಗ ಅದು ನಿಲ್ಲಬೇಕು. ನಿಂತ ಕ್ಷಣ ಆಯಿಲ್ ಪದರ ಕುಸಿಯುತ್ತದೆ. ಸಾಲದ್ದಕ್ಕೆ ಅದೇ ಹೊತ್ತಿಗೆ ಮೇಲೆ ಪೆಟ್ರೋಲ್ ಉರಿದು, ಶಾಖ ಮತ್ತು ಒತ್ತಡ ಎರಡೂ ಏರಿರುತ್ತವೆ. ಸುಜುಕಿ ಜಿಮ್ನಿ, ಮಾರುತಿ ಜಿಪ್ಸಿಗಳಲ್ಲಿ ಬರುತ್ತಿದ್ದ 1298 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ತಗೊಳ್ಳಿ. ಬೋರ್, ಅಂದರೆ ಸಿಲಿಂಡರ್ ಒಳಗಿನ ಅಗಲ, 74 ಮಿ.ಮೀ., ಪಿಸ್ಟನ್ ಓಡಾಡುವ ದೂರ 75.5 ಮಿ.ಮೀ. ನಿಮಿಷಕ್ಕೆ 4000 ಸುತ್ತಿನಲ್ಲಿ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 133 ಸಲ ನಿಂತು ಹಿಂದಿರುಗುತ್ತದೆ. ಹೀಗೆ ತಿರುಗುವಾಗ ಅದರ ಮೇಲೆ ಬೀಳುವ ಎಳೆತ ಅದರ ತೂಕದ 800 ಪಟ್ಟು ದಾಟುತ್ತದೆ. 300 ಗ್ರಾಂ ಪಿಸ್ಟನ್ ಅಂದುಕೊಂಡರೆ, ಅದನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗೆ 240 ಕಿಲೋಗೂ ಮೀರಿದ ಭಾರ ನೇತುಬಿದ್ದ ಹಾಗೆ.

ಸವೆದ ಸಿಲಿಂಡರನ್ನು ಬೋರ್ ಮಾಡಿಸಿ, ಅಂದರೆ ಒಳಗಿಂದ ಕೊರೆಸಿ ಅಗಲ ಮಾಡಿಸಿ, ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ಹಾಕುವುದು ರೂಢಿ. ಇದರಿಂದ ಪವರ್ ಜಾಸ್ತಿ ಆಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ, 1298 ಸಿಸಿ ಸುಮಾರು 1316 ಆಗುತ್ತದೆ ಅಷ್ಟೇ. ಗಾಡಿ ಚುರುಕಾಯಿತು ಅನ್ನಿಸುವುದು ಆ 18 ಸಿಸಿಯಿಂದಲ್ಲ, ಸೋರುತ್ತಿದ್ದ ಒತ್ತಡ ಸೋರದೆ ನಿಂತಿದ್ದರಿಂದ.

ಬೋರ್ ಆದಮೇಲೆ ಹೋನಿಂಗ್ ಮಾಡಿ, ಅಂದರೆ ಸಾಣೆ ಕಲ್ಲಿನಿಂದ ಉಜ್ಜಿ, ಆ ಅಡ್ಡಗೀರುಗಳನ್ನು ಮತ್ತೆ ಕೊಡುತ್ತಾರೆ. ಆಮೇಲಿನ ಕೆಲಸ ಯಾರಿಗೂ ಇಷ್ಟವಿಲ್ಲ: ತೊಳೆಯುವುದು. ನಾನೂ ಮೊದಲ ಸಲ ಪೆಟ್ರೋಲ್‌ನಲ್ಲಿ ಒರೆಸಿ ಮುಗಿಯಿತು ಅಂದುಕೊಂಡೆ. ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ಮಾತಾಡದೆ ಒಂದು ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಸಿಲಿಂಡರ್ ಒಳಗೆ ಉಜ್ಜಿ ತೆಗೆದರು. ಬಟ್ಟೆ ಬೂದು ಬಣ್ಣ. ಸಾಣೆ ಕಲ್ಲಿನ ಪುಡಿ ಗೀರುಗಳ ಒಳಗೆ ಹಾಗೇ ಕೂತಿತ್ತು. ಅದನ್ನು ಪೆಟ್ರೋಲ್ ಎತ್ತಿ ಹೊರಗೆ ಹಾಕುವುದಿಲ್ಲ. ಸೋಪು, ಬಿಸಿನೀರು, ಬ್ರಷ್ಷೇ ಬೇಕು. ಬಟ್ಟೆ ಬೆಳ್ಳಗೆ ಬರುವ ತನಕ ತೊಳೆದು, ಒರೆಸಿ, ತಕ್ಷಣ ಎಣ್ಣೆ ಹಚ್ಚಬೇಕು. ತಡಮಾಡಿದರೆ ಕಣ್ಣೆದುರಿಗೇ ತುಕ್ಕು ಹಿಡಿಯುತ್ತದೆ.

ಇನ್ನು ಕ್ರ್ಯಾಂಕ್. ಅದು ತಿರುಗುವುದು ಬಾಲ್ ಬೇರಿಂಗ್ ಮೇಲಲ್ಲ. ಅರ್ಧಚಂದ್ರದ ಎರಡು ತಗಡಿನ ಚೂರುಗಳ ನಡುವೆ, ಆಯಿಲ್ ಮೇಲೆ. ಈ ಗುಟ್ಟು ಹೊರಬಿದ್ದದ್ದು 1883ರ ಸುಮಾರಿಗೆ. ಬೀಚಮ್ ಟವರ್ ಎಂಬ ಇಂಗ್ಲಿಷ್ ಇಂಜಿನಿಯರ್ ರೈಲು ಅಚ್ಚಿನ ಬೇರಿಂಗ್ ಪರೀಕ್ಷೆ ಮಾಡುತ್ತಿದ್ದರು. ಎಣ್ಣೆ ಬಿಡಲೆಂದು ಮೇಲೆ ಒಂದು ತೂತು ಕೊರೆದರು. ಅಚ್ಚು ತಿರುಗಿದರೆ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಉಕ್ಕಿ ಬಂತು. ಬಿರಡೆ ತುರುಕಿದರು, ಅದನ್ನೂ ಹೊರಗೆ ತಳ್ಳಿತು. ಕೊನೆಗೆ ಗೇಜ್ ಹಾಕಿದರೆ, ಬೇರಿಂಗ್ ಮೇಲೆ ಹೇರಿದ್ದ ಸರಾಸರಿ ಒತ್ತಡದ ಎರಡು ಪಟ್ಟಿಗಿಂತಲೂ ಜಾಸ್ತಿ ಒತ್ತಡ ಎಣ್ಣೆಯಲ್ಲಿತ್ತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಅದರ ಮೇಲೆ ಎದ್ದು ನಿಲ್ಲುತ್ತದೆ! 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟರು.

ಈ ತಂತ್ರ ನಡೆಯಬೇಕಾದರೆ ಸಂದು ಸರಿಯಾಗಿರಬೇಕು. ಇಂಥ ಇಂಜಿನ್ನಿನಲ್ಲಿ ಸಾಧಾರಣವಾಗಿ 0.02ರಿಂದ 0.05 ಮಿ.ಮೀ. ಮನುಷ್ಯನ ಕೂದಲು ಸುಮಾರು 0.07. ಕಡಿಮೆಯಾದರೆ ಆಯಿಲ್‌ಗೆ ಜಾಗವಿಲ್ಲ, ಬೇರಿಂಗ್ ಹಿಡಿದುಕೊಳ್ಳುತ್ತದೆ. ಜಾಸ್ತಿಯಾದರೆ ಆಯಿಲ್ ಪಕ್ಕದಿಂದ ಸೋರಿ ಒತ್ತಡ ನಿಲ್ಲುವುದಿಲ್ಲ. ಇದನ್ನು ಅಳೆಯಲು ಒಂದು ಮುದ್ದಾದ ಉಪಾಯವಿದೆ. ಪ್ಲಾಸ್ಟಿಗೇಜ್ ಅಂತ ಮೇಣದಂಥ ಸಣ್ಣ ದಾರ. ಒಂದು ತುಂಡನ್ನು ಒಣ ಕ್ರ್ಯಾಂಕ್ ಮೇಲೆ ಇಟ್ಟು, ಬೇರಿಂಗ್ ಕ್ಯಾಪ್ ಕೂರಿಸಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲಿ ಕಂಪನಿ ಹೇಳಿದಷ್ಟೇ ಬಿಗಿಯಿರಿ. ಕ್ರ್ಯಾಂಕ್ ಮಾತ್ರ ತಿರುಗಿಸಬೇಡಿ. ಬಿಚ್ಚಿದಾಗ ದಾರ ಚಪ್ಪಟೆಯಾಗಿರುತ್ತದೆ. ಜತೆಗೆ ಬರುವ ಕಾಗದದ ಅಳತೆಪಟ್ಟಿ ಪಕ್ಕಕ್ಕೆ ಹಿಡಿದು ಅಗಲ ನೋಡಿದರೆ ಸಂದು ಎಷ್ಟು ಅಂತ ಗೊತ್ತಾಗುತ್ತದೆ. ಅಗಲ ಜಾಸ್ತಿಯಿದ್ದಷ್ಟೂ ಸಂದು ಸಣ್ಣದು.

ರಿಂಗ್ ಪೂರ್ತಿ ಬಳೆಯಲ್ಲ, ಒಂದು ಕಡೆ ಸೀಳಿರುತ್ತದೆ. ಆ ತುದಿಗಳ ನಡುವೆಯೂ ಇಂಥದ್ದೇ ಲೆಕ್ಕ, ಈ ಬೋರ್‌ಗೆ ಸುಮಾರು 0.3 ಮಿ.ಮೀ. ನೋಡಲು ಇದೊಂದು ತೂತು, ಒತ್ತಡ ಸೋರುವ ದಾರಿ. ಮುಚ್ಚಿಬಿಟ್ಟರೆ ಒಳ್ಳೆಯದಲ್ವಾ? ಅಲ್ಲ. ರಿಂಗ್ ಬಿಸಿಯಾಗಿ ಹಿಗ್ಗಿದಾಗ ತುದಿಗಳು ಒಂದಕ್ಕೊಂದು ಗುದ್ದಿದರೆ ಹಿಗ್ಗಲು ಜಾಗವಿಲ್ಲದೆ ಸಿಲಿಂಡರ್ ಗೋಡೆಯನ್ನೇ ಕೆರೆದು ಹಾಕುತ್ತದೆ.

ದಾರಿಯಿಲ್ಲದ ಕಡೆ ಓಡುವ ಗಾಡಿಗೆ ಇದರ ಮೇಲೆ ಬೇರೆ ಶತ್ರುಗಳಿವೆ. ಮೊದಲನೆಯದು ಧೂಳು. ಮರಳಿನ ಕಣ ಇಂಜಿನ್ನಿನ ಎರಕದ ಕಬ್ಬಿಣಕ್ಕಿಂತ ಗಟ್ಟಿ. ಕಣ್ಣಿಗೆ ಕಾಣುವ ದೊಡ್ಡ ಕಣಕ್ಕಿಂತ, ಆಯಿಲ್ ಪದರದಷ್ಟೇ ದಪ್ಪದ ಸಣ್ಣ ಕಣ ಅಪಾಯಕಾರಿ. ದೊಡ್ಡದು ಸಂದಿಗೆ ಹೋಗುವುದಿಲ್ಲ, ತೀರಾ ಸಣ್ಣದು ಆಯಿಲ್ ಜತೆ ಹರಿದುಹೋಗುತ್ತದೆ. ಸಂದಿನಷ್ಟೇ ಇರುವುದು ಎರಡೂ ಕಡೆ ಕೆರೆಯುತ್ತದೆ. ಏರ್ ಫಿಲ್ಟರ್‌ನಿಂದ ಇಂಜಿನ್‌ಗೆ ಬರುವ ರಬ್ಬರ್ ಪೈಪಿನಲ್ಲಿ ಒಂದು ಬಿರುಕಿದ್ದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಹಾಗಾಗಿ ಹೊಸ ಪಿಸ್ಟನ್‌ಗಿಂತ ಮೊದಲು ಆ ಪೈಪ್ ತಗೊಳ್ಳಿ ಅಂತ ನಾನು ಹೇಳುತ್ತೇನೆ.

ಎರಡನೆಯದು ವಾಲುವಿಕೆ. ಕಡಿದಾದ ಏರಿನಲ್ಲಿ ಇಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್‌ನ ಆಯಿಲ್ ಒಂದು ಕಡೆಗೆ ಸರಿದು, ಪಂಪು ಗಾಳಿ ಹೀರಿದರೆ ಬೇರಿಂಗ್ ಕಥೆ ಕೆಲವೇ ಕ್ಷಣದಲ್ಲಿ ಮುಗಿಯುತ್ತದೆ. ಸಂಪ್ ಒಳಗಿನ ತಡೆತಗಡು ಬಿಟ್ಟುಹೋಗಿದೆಯಾ ಅಂತ ಇಂಜಿನ್ ಇಳಿಸಿದಾಗಲೇ ನೋಡಿಕೊಳ್ಳಬೇಕು.

ಇನ್ನು ನೀರು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 40 ಮಿಲಿಲೀಟರ್. ಹಳ್ಳ ದಾಟುವಾಗ ಅದಕ್ಕಿಂತ ಜಾಸ್ತಿ ನೀರು ಒಂದು ಸಿಲಿಂಡರಿಗೆ ಹೋದರೆ ಸಾಕು. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಬಗ್ಗುವುದು ಕನೆಕ್ಟಿಂಗ್ ರಾಡ್.

ಎಲ್ಲ ಜೋಡಿಸಿದ ಮೇಲೆ ಕೀ ತಿರುಗಿಸಲು ಕೈ ತುರಿಸುತ್ತದೆ. ತಡೆಯಿರಿ. ಇಗ್ನಿಷನ್ ವೈರ್ ತಪ್ಪಿಸಿ, ಪೆಟ್ರೋಲ್ ಬರದ ಹಾಗೆ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಯಿಲ್ ದೀಪ ಆರುವ ತನಕ ಸುಮ್ನೆ ಸ್ಟಾರ್ಟರ್‌ನಲ್ಲಿ ತಿರುಗಿಸಿ. ಬೇರಿಂಗ್‌ಗೆ ಆಯಿಲ್ ಮುಟ್ಟಿತು ಅಂತ ಅರ್ಥ. ಆಮೇಲೆ ಸ್ಟಾರ್ಟ್ ಮಾಡಿ, ಬಿಸಿಯಾದ ಕೂಡಲೇ ರಸ್ತೆಗೆ ಇಳಿಸಿ. ಪಾಪ, ಹೊಸದು ಅಂತ ಗಂಟೆಗಟ್ಟಲೆ ಗಾಡಿ ನಿಲ್ಲಿಸಿ ಬರೀ ಇಂಜಿನ್ ಓಡಿಸುವವರಿದ್ದಾರೆ. ರಿಂಗ್‌ಗೆ ಅದು ಒಗ್ಗುವುದಿಲ್ಲ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿಗಿಂತ ಜಾಸ್ತಿಯಾಗಿ ಅದರ ಹಿಂದೆ ನುಗ್ಗುವ ಉರಿದ ಗ್ಯಾಸ್. ಭಾರ ಬಿದ್ದರೇ ಆ ಒತ್ತಡ. ಒಂದು ಸಣ್ಣ ಏರು ಹುಡುಕಿ, ಮೂರನೇ ಗೇರಿನಲ್ಲಿ ಹದವಾಗಿ ಆಕ್ಸಿಲರೇಟರ್ ಒತ್ತಿ, ಬಿಡಿ, ಮತ್ತೆ ಒತ್ತಿ. ಕನ್ನಡಿಯಲ್ಲಿ ಹಿಂದಿನ ಹೊಗೆಯ ಬಣ್ಣ ನೋಡುತ್ತಾ ಇರಿ.