ಗರ ಮೊದಲೋ, ನಡೆ ಮೊದಲೋ

"ಎಕ್ಸ್‌ಕಾಮ್ ತೆಗೆದುಕೊಳ್ಳಲೇ, ಇನ್‌ಟು ದ ಬ್ರೀಚ್ ತೆಗೆದುಕೊಳ್ಳಲೇ?" ಸರದಿಯ ಮೇಲೆ ಆಡುವ ತಂತ್ರದ ವಿಡಿಯೊ ಗೇಮ್‌ಗಳ ಬಗ್ಗೆ ನನ್ನ ಬಳಿ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಅಚ್ಚಿನವೇ. ಗೇಮ್ ವಿನ್ಯಾಸ ನನ್ನ ಹೊಟ್ಟೆಪಾಡು. ಹಾಗಾಗಿ ಮದುವೆ ಮನೆಯಲ್ಲೂ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ. ಚಿತ್ರಗಳು ಹೇಗಿವೆ, ಕಥೆ ಎಷ್ಟು ಗಂಟೆಯದು, ರಿಯಾಯಿತಿ ಯಾವಾಗ ಸಿಗುತ್ತದೆ ಎಂಬ ವಿಚಾರಣೆಯೂ ಜೊತೆಗಿರುತ್ತದೆ. ನಾನು ತಿರುಗಿ ಕೇಳುವುದು ಒಂದನ್ನೇ: ಚೌಕಾಬಾರ ಆಡುವಾಗ ನಿಮಗೆ ಸಿಟ್ಟು ಬರುತ್ತಿದ್ದುದು ಯಾವಾಗ?

ಚೌಕಾಬಾರದಲ್ಲಿ ಮೊದಲು ಕವಡೆ ಉರುಳುತ್ತದೆ. ಗರ ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕು, ಯಾರ ಕಾಯಿಯನ್ನು ಹೊಡೆಯಬೇಕು, ಯಾವುದನ್ನು ಕಟ್ಟೆಯಲ್ಲೇ ಬಿಡಬೇಕು ಎಂಬ ಯೋಚನೆ. ಅದೃಷ್ಟ ತನ್ನ ಪಾಲಿನದನ್ನು ಹೇಳಿ ಮುಗಿಸಿದ ಮೇಲೆ ಬುದ್ಧಿಯ ಸರದಿ. ಎಕ್ಸ್‌ಕಾಮ್‌ನಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿ ಮೊದಲು ನೀವು ನಿರ್ಧರಿಸುತ್ತೀರಿ: ಈ ಸೈನಿಕ ಇಲ್ಲಿಗೆ ಓಡಬೇಕು, ಆ ಅನ್ಯಗ್ರಹದವನಿಗೆ ಗುಂಡು ಹಾರಿಸಬೇಕು. ಗುಂಡಿ ಒತ್ತಿದ ಮೇಲೆ ಕವಡೆ ಉರುಳುತ್ತದೆ. ಎರಡೂ ಆಟಗಳಲ್ಲಿ ಅದೃಷ್ಟ ಇದೆ, ಆದರೆ ಆಡುವವನ ಎದೆಯಲ್ಲಿ ಆಗುವುದು ಬೇರೆ ಬೇರೆ. ಮೊದಲನೆಯದರಲ್ಲಿ "ಗರ ಸರಿಯಾಗಿ ಬೀಳಲಿಲ್ಲ" ಎಂದು ಗೊಣಗಿ ಇರುವುದರಲ್ಲೇ ದಾರಿ ಹುಡುಕುತ್ತೇವೆ. ಎರಡನೆಯದರಲ್ಲಿ ಸರಿಯಾದ ನಡೆಯನ್ನೇ ಇಟ್ಟೂ ಸೋಲಬಹುದು. ಆ ಸೋಲನ್ನು ನುಂಗಿಕೊಳ್ಳಬಲ್ಲಿರಾ ಎಂಬುದರ ಮೇಲೆ ನನ್ನ ಶಿಫಾರಸು ನಿಂತಿದೆ.

ಎಕ್ಸ್‌ಕಾಮ್‌ನಿಂದಲೇ ಆರಂಭಿಸೋಣ. ಜೂಲಿಯನ್ ಗೊಲಪ್ ವಿನ್ಯಾಸಗೊಳಿಸಿದ ಮೂಲ ಆಟ 1994ರದು. ಅದರಲ್ಲಿ ಪ್ರತಿ ಸೈನಿಕನಿಗೂ ಸಮಯದ ಒಂದು ಗಂಟು ಇರುತ್ತಿತ್ತು. ಮಂಡಿಯೂರಲು ಇಷ್ಟು, ತಿರುಗಲು ಇಷ್ಟು ಎಂದು ಲೆಕ್ಕ ಹಾಕಿ ಖರ್ಚು ಮಾಡಬೇಕಿತ್ತು. 2012ರಲ್ಲಿ ಫಿರಾಕ್ಸಿಸ್ ಸಂಸ್ಥೆ ಅದನ್ನು ಹೊಸದಾಗಿ ಕಟ್ಟಿದಾಗ ಆ ಜಮಾಖರ್ಚನ್ನೆಲ್ಲ ಕಿತ್ತುಹಾಕಿ, ಒಬ್ಬನಿಗೆ ಒಂದು ಸರದಿಯಲ್ಲಿ ಎರಡೇ ಕೆಲಸ ಎಂದಿತು. ಇಂದು ಮಾರುಕಟ್ಟೆಯಲ್ಲಿರುವ ಇಂತಹ ಆಟಗಳಲ್ಲಿ ಬಹಳಷ್ಟು ಆ ಒಂದು ಸರಳೀಕರಣದ ಮೊಮ್ಮಕ್ಕಳು. 2016ರ ಎಕ್ಸ್‌ಕಾಮ್ 2 ಇನ್ನೂ ಗಟ್ಟಿ ಆಟ. ಅನೇಕ ಕಾರ್ಯಾಚರಣೆಗಳಿಗೆ ಅದರಲ್ಲಿ ಸರದಿಗಳ ಮಿತಿ ಇದೆ. ಮರೆಯಲ್ಲಿ ಕೂತು ಒಂದೊಂದೇ ಹೆಜ್ಜೆ ಇಡುವವರನ್ನು ಅದು ಕತ್ತು ಹಿಡಿದು ಮುಂದಕ್ಕೆ ದೂಡುತ್ತದೆ. ಈ ಮಿತಿಗೆ ಆಗ ಬೈದವರು ಬಹಳ ಮಂದಿ. ನಾನಂತೂ ಅದರ ಪರ.

ಈಗ ಶೇಕಡಾವಾರಿನ ಮಾತು, ಅಂದರೆ ಗುಂಡು ತಾಗುವ ಸಂಭವ ಎಷ್ಟು ಎಂದು ಹಾರಿಸುವ ಮೊದಲೇ ಪರದೆಯ ಮೇಲೆ ಕಾಣುವ ಸಂಖ್ಯೆಯದು. ನಮ್ಮ ಕಚೇರಿಯಲ್ಲಿ ಹೊಸ ಆಟವೊಂದನ್ನು ಪರೀಕ್ಷಿಸಲು ಬಂದಿದ್ದ ಹುಡುಗನೊಬ್ಬ, ಶೇ 90 ಎಂದು ತೋರಿಸಿದ ಗುಂಡು ಗುರಿ ತಪ್ಪಿದ್ದೇ ತಡ, "ಸರ್, ನಿಮ್ಮ ಗಣಿತದಲ್ಲಿ ಏನೋ ತಪ್ಪಿದೆ" ಎಂದ. ಗಣಿತ ಸರಿಯಾಗಿಯೇ ಇತ್ತು. ಹತ್ತರಲ್ಲಿ ಒಂದು ತಪ್ಪಬೇಕು, ತಪ್ಪಿತು. ಆದರೆ ಮನುಷ್ಯರ ಮನಸ್ಸಿನಲ್ಲಿ ಶೇ 90 ಎಂದರೆ "ಖಂಡಿತ" ಎಂದೇ ಅರ್ಥ. ಇನ್ನೊಂದು ಲೆಕ್ಕ ನೋಡಿ: ಮೂವರು ಸೈನಿಕರಿಗೂ ಶೇ 80ರ ಅವಕಾಶವಿದೆ ಎಂದುಕೊಳ್ಳಿ. ಮೂರೂ ಗುಂಡು ತಾಗುವ ಸಂಭವ ಶೇ 51 ಮಾತ್ರ, ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಮೂರೂ ತಾಗಿದರಷ್ಟೇ ಉಳಿಯುತ್ತೇವೆ ಎಂಬ ಯೋಜನೆ ಹಾಕಿ ಆಮೇಲೆ ಆಟವನ್ನು ಶಪಿಸುವವರೇ ಹೆಚ್ಚು.

ಆಟ ಕಟ್ಟುವವರಿಗೆ ಈ ಮನಸ್ಸು ಗೊತ್ತು, ಹಾಗಾಗಿ ನಯವಾಗಿ ಸುಳ್ಳು ಹೇಳುತ್ತಾರೆ. ಜಪಾನಿನ ಫೈರ್ ಎಂಬ್ಲೆಮ್ ಸರಣಿ ಇದರಲ್ಲಿ ಪಳಗಿದ ಕೈ. 2002ರ ಬೈಂಡಿಂಗ್ ಬ್ಲೇಡ್‌ನಿಂದ ಈಚೆಗೆ ಅದರ ಹಲವು ಆಟಗಳು ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆಗಳನ್ನು ತೆಗೆದು ಅವುಗಳ ಸರಾಸರಿಯನ್ನು ನೋಡುತ್ತವೆ. ಪರದೆಯ ಮೇಲೆ ಶೇ 90 ಎಂದಿರುವುದು ಒಳಗೆ ಸುಮಾರು 98 ಆಗುತ್ತದೆ. 75 ಎಂದಿರುವುದು 87ರ ಮೇಲೆ ಹೋಗುತ್ತದೆ. 30 ಎಂದಿರುವುದು 18ಕ್ಕೆ ಇಳಿಯುತ್ತದೆ. ಸಂಖ್ಯೆ ಸುಳ್ಳಾಯಿತು, ಆಡುವವನಿಗೆ ಮಾತ್ರ ಈಗಲೇ ನಿಜ ಅನ್ನಿಸುತ್ತದೆ. ಎಕ್ಸ್‌ಕಾಮ್ ಕೂಡ ಸುಲಭದ ಮಟ್ಟಗಳಲ್ಲಿ, ಗುಂಡುಗಳು ತಪ್ಪುತ್ತಾ ಹೋದರೆ ಸದ್ದಿಲ್ಲದೆ ನಿಮ್ಮ ಪರವಾಗಿ ತಕ್ಕಡಿ ವಾಲಿಸುತ್ತದೆ. ಇದು ಮೋಸವೇ ಎಂದು ಕೇಳುವವರಿದ್ದಾರೆ. ವೃತ್ತಿಯವನಾಗಿ ನನಗೆ ಹಾಗನ್ನಿಸುವುದಿಲ್ಲ. ಆದರೆ ಅಂತಹ ಆಟವನ್ನು ಆಡಿ ಬಂದವರು ಸುಳ್ಳು ಹೇಳದ ಆಟದ ಮುಂದೆ ಕೂತಾಗ "ಇಷ್ಟು ದುರದೃಷ್ಟವೇ?" ಎಂದು ಒದ್ದಾಡುವುದನ್ನು ಕಂಡಿದ್ದೇನೆ. 2017ರ ಬ್ಯಾಟಲ್ ಬ್ರದರ್ಸ್ ಅಂತಹ ನಿಷ್ಠುರ ಆಟ. ಒಳ್ಳೆಯದು, ಆದರೆ ಮೊದಲ ಆಟವಾಗಿ ಯಾರಿಗೂ ಕೊಡುವುದಿಲ್ಲ. 2023ರ ಜ್ಯಾಗ್ಡ್ ಅಲಯನ್ಸ್ 3 ಬೇರೆಯೇ ದಾರಿ ಹಿಡಿದಿದೆ: ಶೇಕಡಾವಾರನ್ನು ತೋರಿಸುವ ಗೋಜಿಗೇ ಹೋಗುವುದಿಲ್ಲ. ಸಂಖ್ಯೆ ಇಲ್ಲದಿದ್ದರೆ ಜಗಳವೂ ಇಲ್ಲ.

ಎಕ್ಸ್‌ಕಾಮ್ ಆಡುವುದೇ ಆದರೆ ಒಂದು ಮಾತು. ಅರ್ಧ ಮರೆಯಲ್ಲಿರುವವನಿಗೆ ಗುಂಡು ತಾಗುವ ಅವಕಾಶ 20 ಅಂಶ ಕಡಿಮೆ, ಪೂರ್ಣ ಮರೆಯಲ್ಲಿ 40 ಅಂಶ ಕಡಿಮೆ. ಬಂದೂಕು ತಪ್ಪಬಹುದು, ಎಸೆಯುವ ಗ್ರೆನೇಡ್ ತಪ್ಪುವುದಿಲ್ಲ. ತಾಗಿಸಿದ ಪೆಟ್ಟಿನ ಜೊತೆಗೆ ಶತ್ರುವಿನ ಮುಂದಿನ ಗೋಡೆಯನ್ನೂ ಸಾಮಾನ್ಯವಾಗಿ ಉರುಳಿಸುತ್ತದೆ. ಗ್ರೆನೇಡ್ ಮೊದಲು, ಬಂದೂಕು ಆಮೇಲೆ. ಈ ಆಟದಲ್ಲಿ ಪಳಗಿದವರು ಅದೃಷ್ಟ ಚೆನ್ನಾಗಿರುವವರಲ್ಲ, ಅದೃಷ್ಟ ಕೇಳುವ ಪ್ರಸಂಗವನ್ನೇ ಕಡಿಮೆ ಮಾಡಿಕೊಂಡವರು.

ಇನ್ನು ಇನ್‌ಟು ದ ಬ್ರೀಚ್. 2018ರದು, ಸಬ್‌ಸೆಟ್ ಗೇಮ್ಸ್ ಎಂಬ ಪುಟ್ಟ ತಂಡ ಮಾಡಿದ್ದು. ಹಾಸು ಚದುರಂಗದ ಹಾಗೆ ಎಂಟಕ್ಕೆ ಎಂಟು ಮನೆ. ನಿಮ್ಮ ಕೈಯಲ್ಲಿ ಮೂರು ಯಂತ್ರಗಳು, ಎದುರಿಗೆ ನೆಲದಿಂದ ಎದ್ದುಬರುವ ದೈತ್ಯ ಕೀಟಗಳು. ಮೊದಲು ಕೀಟಗಳು ನಡೆದು, ಯಾವ ಮನೆಯ ಮೇಲೆ ದಾಳಿ ಮಾಡುತ್ತೇವೆ ಎಂದು ಬೆರಳು ತೋರಿಸಿ ನಿಲ್ಲುತ್ತವೆ. ಗರ ಬಿದ್ದಾಯಿತು. ಇನ್ನು ಆಡುವುದು ನೀವು, ಅದೂ ಎಲ್ಲವನ್ನೂ ತಿಳಿದು.

ಒಂದು ಸರದಿಯನ್ನು ಹತ್ತಿರದಿಂದ ನೋಡೋಣ. ಒಂದು ಕೀಟ ತನ್ನ ಎಡಕ್ಕಿರುವ, ನೀವು ಕಾಯಬೇಕಾದ ವಸತಿ ಕಟ್ಟಡವನ್ನು ಹೊಡೆಯಲಿದೆ. ಅದರಿಂದ ಒಂದು ಮನೆ ಕೆಳಗೆ, ಒಂದು ಮನೆ ಎಡಕ್ಕೆ ಇನ್ನೊಂದು ಕೀಟ ನಿಂತಿದೆ. ಮೊದಲನೆಯದನ್ನು ಕೊಲ್ಲುವಷ್ಟು ಬಲ ನಿಮ್ಮ ಬಳಿ ಇಲ್ಲ. ಫಿರಂಗಿ ಯಂತ್ರದ ಗುಂಡು ತಾನು ಬಿದ್ದ ಮನೆಗೆ ಪೆಟ್ಟು ಕೊಟ್ಟು, ಸುತ್ತಲಿನ ನಾಲ್ಕು ಮನೆಗಳಲ್ಲಿ ಇರುವವರನ್ನು ಹೊರಕ್ಕೆ ತಳ್ಳುತ್ತದೆ. ಅದನ್ನು ಕೀಟದ ಮೇಲೆ ಅಲ್ಲ, ಕೀಟದ ಮೇಲ್ಗಡೆಯ ಖಾಲಿ ಮನೆಯ ಮೇಲೆ ಹಾಕಿ. ಕೀಟ ಒಂದು ಮನೆ ಕೆಳಕ್ಕೆ ಜಾರುತ್ತದೆ. ಅದು ಎಡಕ್ಕೆ ಹೊಡೆಯುತ್ತೇನೆಂದು ನಿಶ್ಚಯಿಸಿಯಾಗಿದೆ. ಈಗ ಎಡಕ್ಕಿರುವುದು ಕಟ್ಟಡವಲ್ಲ, ಅದರ ಜೊತೆಗಾರ. ಶತ್ರುವಿನ ಪೆಟ್ಟು ಶತ್ರುವಿಗೇ. ಕಟ್ಟಡ ಉಳಿಯಿತು, ನಿಮ್ಮ ಇನ್ನೆರಡು ಯಂತ್ರಗಳು ಇನ್ನೂ ಬಾಕಿ ಇವೆ. ಇಂತಹ ಸರದಿ ಕೈಗೂಡಿದಾಗ ಸಿಗುವ ಖುಷಿಯನ್ನು ಈ ಪ್ರಕಾರದ ಬೇರೆ ಯಾವ ಆಟವೂ ನನಗೆ ಇಷ್ಟು ಅಗ್ಗವಾಗಿ ಕೊಟ್ಟಿಲ್ಲ.

ಇದರಲ್ಲೂ ಹುಳುಕಿದೆ. ಅದೃಷ್ಟವನ್ನು ಇಷ್ಟರಮಟ್ಟಿಗೆ ಹೊರಗಿಟ್ಟರೆ ಯುದ್ಧ ಹೋಗಿ ಒಗಟು ಉಳಿಯುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಮ್ಮೊಮ್ಮೆ ಮಾತ್ರ ಹಾಯಿಸುವ ಸಮಸ್ಯೆಗಳಲ್ಲಿ ಮುಳುಗಿದ್ದವರು. ಅವರಿಗೆ ಇದು ಹಿಡಿಸುತ್ತಿತ್ತೇನೋ. ಎಲ್ಲರಿಗೂ ಹಿಡಿಸುವುದಿಲ್ಲ. ಎಕ್ಸ್‌ಕಾಮ್‌ನಲ್ಲಿ ಹೆಸರಿಟ್ಟು, ಟೊಪ್ಪಿ ತೊಡಿಸಿ ಸಾಕಿದ ಸೈನಿಕ ಒಂದು ಹಾಳು ಗುಂಡಿಗೆ ಸತ್ತಾಗ ನೀವು ಮೂರು ದಿನ ಅದನ್ನೇ ಹೇಳಿಕೊಂಡು ತಿರುಗುತ್ತೀರಿ. ಇನ್‌ಟು ದ ಬ್ರೀಚ್‌ನಲ್ಲಿ ಸತ್ತವರ ಹೆಸರು ನನಗಂತೂ ನೆನಪಿರುವುದಿಲ್ಲ.

ಗುಟ್ಟಾಗಿ ನುಸುಳುವುದು ಇಷ್ಟವಿದ್ದರೆ ಕ್ಲೈ ಸಂಸ್ಥೆಯ 2015ರ ಇನ್‌ವಿಸಿಬಲ್ ಇಂಕ್ ಹುಡುಕಿ. ಗುರಿ ತಪ್ಪುವ ಮಾತೇ ಅದರಲ್ಲಿಲ್ಲ; ಬದಲಿಗೆ ಪ್ರತಿ ಸರದಿಗೂ ಎಚ್ಚರಿಕೆಯ ಮಟ್ಟ ಏರುತ್ತಾ ಹೋಗುತ್ತದೆ, ಇನ್ನೊಂದು ಕೋಣೆ ದೋಚಲೇ, ಓಡಿಹೋಗಲೇ ಎಂಬ ದುರಾಸೆಯ ಪರೀಕ್ಷೆ. 2024ರ ಟ್ಯಾಕ್ಟಿಕಲ್ ಬ್ರೀಚ್ ವಿಝರ್ಡ್ಸ್ ಒಂದು ಸರದಿಯೊಳಗೆ ಇಟ್ಟ ನಡೆಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಿಡುತ್ತದೆ, ಮಾತುಗಳೂ ನಗೆ ಉಕ್ಕಿಸುತ್ತವೆ.

ಬೆಂಗಳೂರಿನವರಿಗೆ ಒಂದು ವ್ಯಾವಹಾರಿಕ ಸಂಗತಿ. ಕೆಲಸ ಮುಗಿಸಿ, ಊರು ದಾಟಿ ಮನೆ ಸೇರಿದವರ ಬಳಿ ಉಳಿಯುವ ಹೊತ್ತು ಸ್ವಲ್ಪ. ಇನ್‌ಟು ದ ಬ್ರೀಚ್‌ನ ಒಂದು ಕಾಳಗ ಅನ್ನಕ್ಕೆ ಇಟ್ಟ ಕುಕ್ಕರ್ ಕೂಗಿ ತಣಿಯುವಷ್ಟರಲ್ಲಿ ಮುಗಿಯುತ್ತದೆ. ಎಕ್ಸ್‌ಕಾಮ್ 2 ಅದಕ್ಕಿಂತ ಬಹಳ ಹೆಚ್ಚು ಹೊತ್ತು ಕೇಳುತ್ತದೆ. ಅದು ಫೋನಿಗೂ ಬಂದಿದೆ, ಆದರೆ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದ ಕಡೆಗೆ ಹೊರಟ ಮೆಟ್ರೊದಲ್ಲಿ ಸೀಟು ಸಿಕ್ಕಿದ್ದರಷ್ಟೇ ತೆರೆಯಿರಿ. ಸರದಿಯ ಆಟದ ಲಾಭವೇ ಇದು: ಇಳಿಯುವ ನಿಲ್ದಾಣ ಬಂದಾಗ ಪರದೆ ಆರಿಸಿದರೂ ಶತ್ರು ನಿಮಗಾಗಿ ಕಾಯುತ್ತಾನೆ.

ಹಣ ಹಾಕುವ ಮೊದಲು ನಿಮ್ಮ ಸ್ವಭಾವ ಯಾವ ಕಡೆಗೆ ಎಂದು ತಿಳಿಯಬೇಕೆ? ದ ಬ್ಯಾಟಲ್ ಫಾರ್ ವೆಸ್ನಾತ್ ಇಳಿಸಿಕೊಳ್ಳಿ. 2003ರಿಂದ ಸ್ವಯಂಸೇವಕರು ಕಟ್ಟುತ್ತಾ ಬಂದಿರುವ ಮುಕ್ತ ತಂತ್ರಾಂಶ, ಕಂಪ್ಯೂಟರಿನಲ್ಲಿ ಪೂರ್ತಿ ಉಚಿತ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪಿಗೂ ಸಾಕು. ಏಟು ತಾಗುತ್ತದೆಯೇ ಎಂಬುದು ಇದರಲ್ಲಿ ಬಹುಮಟ್ಟಿಗೆ ಏಟು ತಿನ್ನುವವನು ನಿಂತ ನೆಲದ ಮೇಲೆ ನಿಂತಿದೆ. ಈಟಿಯ ಸೈನಿಕ ಹುಲ್ಲುಗಾವಲಿನಲ್ಲಿದ್ದರೆ ಅವನಿಗೆ ತಾಗುವ ಅವಕಾಶ ಶೇ 60, ಕೋಟೆಯೊಳಗಿದ್ದರೆ ಶೇ 40. ಮನುಷ್ಯರ ಸೈನ್ಯದ ಹೆಚ್ಚಿನವರಿಗೆ ಹಗಲಿನಲ್ಲಿ ಕಾಲು ಭಾಗ ಹೆಚ್ಚು ಬಲ, ಓರ್ಕ್ ಎಂಬ ರಾಕ್ಷಸರಿಗೆ ರಾತ್ರಿಯಲ್ಲಿ. ಕತ್ತಲಾಗುವ ಮುನ್ನ ಹಿಂದೆ ಸರಿದು ಕೋಟೆ ಸೇರಿಕೊಂಡು ಬೆಳಗಿಗೆ ಕಾಯುವುದನ್ನು ಕಲಿತರೆ ಅರ್ಧ ಆಟ ಕಲಿತಂತೆ. ಉಳಿದರ್ಧ ಕವಡೆಯದು, ಅದು ಇಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ. ಎರಡು ಸಂಜೆ ಆಡಿ ನೋಡಿ. ಏಟು ತಪ್ಪಿದಾಗಲೆಲ್ಲ ಲ್ಯಾಪ್‌ಟಾಪ್ ಮುಚ್ಚಬೇಕೆನ್ನಿಸಿದರೆ ನಿಮಗೆ ಇನ್‌ಟು ದ ಬ್ರೀಚ್, ಬೈದುಕೊಂಡೇ ಇನ್ನೊಂದು ಸರದಿ ಆಡಿದರೆ ಎಕ್ಸ್‌ಕಾಮ್ 2. ವೆಸ್ನಾತ್‌ನಲ್ಲಿ ಹೊಸಬರಿಗೆಂದೇ ಇರುವ ದ ಸೌತ್ ಗಾರ್ಡ್ ಅಭಿಯಾನದಿಂದ ಆರಂಭಿಸಿ. ಏರ್ ಟು ದ ಥ್ರೋನ್ ಎಂಬ ಇನ್ನೊಂದು ಅಭಿಯಾನ ಬಹಳ ಉದ್ದ, ಅದನ್ನು ದಸರಾ ರಜೆಗೆ ಇಟ್ಟುಕೊಳ್ಳಬಹುದು.