ವರ್ಲಿಯ ಕರಿಗಲ್ಲಿನ ನಡುವೆ ಒಂದು ಕೆರೆ

ಮುಂಬಯಿಯಲ್ಲಿ ಎಲ್ಲಿ ಅಗೆದರೂ ಕರಿಗಲ್ಲೇ ಎಂದು ಅಡಿಪಾಯ ತೋಡಲು ಬಂದ ಕಲಬುರಗಿ, ಯಾದಗಿರಿ ಕಡೆಯವರು ಹೇಳುವುದುಂಟು. ಬಹುಮಟ್ಟಿಗೆ ನಿಜ. ಆದರೆ ವರ್ಲಿ ಮತ್ತು ಮಲಬಾರ್ ಹಿಲ್‌ನಲ್ಲಿ ಬಸಾಲ್ಟ್ (ಲಾವಾ ಆರಿ ಆದ ಕರಿಗಲ್ಲು) ಪದರಗಳ ನಡುವೆ ತೆಳ್ಳಗೆ ಸೀಳುವ ಕಪ್ಪು ಜೇಡಿಕಲ್ಲು ಸಿಗುತ್ತದೆ. ಅದು ಆರು ಕೋಟಿ ವರ್ಷಗಳಿಗೂ ಹಿಂದಿನ ಸಿಹಿನೀರ ಕೆರೆಯ ಕೆಸರು.

ಲಾವಾ ಒಂದೇ ಸಲ ಹರಿದು ನಿಂತದ್ದಲ್ಲ. ಎರಡು ಉಕ್ಕುಗಳ ನಡುವೆ ಸಾವಿರಾರು ವರ್ಷಗಳ ಬಿಡುವು ಸಿಕ್ಕಾಗ ತಗ್ಗುಗಳಲ್ಲಿ ನೀರು ನಿಂತಿತು, ಜೀವ ಸೇರಿತು. ಮುಂದಿನ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ವರ್ಲಿ ಕೆಸರಿನಲ್ಲಿ ಪಳೆಯುಳಿಕೆಯಾಗಿ ಸಿಕ್ಕ ಪುಟ್ಟ ಕಪ್ಪೆಗೆ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ರಿಚರ್ಡ್ ಓವನ್ 1847ರಲ್ಲಿ ‘ರಾನಾ ಪುಸಿಲ್ಲಾ’ ಎಂದು ಹೆಸರಿಟ್ಟರು. 1930ರಿಂದ ಅದು ‘ಇಂಡೋಬಟ್ರಾಕಸ್’. ಆಮೆಯ ಚಿಪ್ಪೂ ಅಲ್ಲಿ ಸಿಕ್ಕಿತು.

ಮೀನಿನ ಕಥೆ ತಿಳಿಯಬೇಕಾದರೆ ಪೂರ್ವಕ್ಕೆ, ವಿದರ್ಭದ ಕಡೆಗೆ ಹೋಗಬೇಕು. ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲಾಪ್ 1850ರ ದಶಕದಲ್ಲಿ ಅಲ್ಲಿನ ಕೆರೆ ಪದರಗಳನ್ನು ಶ್ರದ್ಧೆಯಿಂದ ಹುಡುಕಿದರು. ಚಂದ್ರಪುರ ಜಿಲ್ಲೆಯ ಡೊಂಗರಗಾಂವ್‌ನ ಮೀನುಗಳನ್ನು 1908ರಲ್ಲಿ ವಿವರಿಸಿದ ಪಳೆಯುಳಿಕೆ ಮೀನುಗಳ ತಜ್ಞ ಆರ್ಥರ್ ಸ್ಮಿತ್ ವುಡ್‌ವರ್ಡ್ ಒಂದಕ್ಕೆ ಹಿಸ್ಲಾಪರ ಹೆಸರನ್ನೇ ಇಟ್ಟರು: ‘ಇಯೋಸೆರಾನಸ್ ಹಿಸ್ಲಾಪಿ’. ಜೊತೆಗಿದ್ದ ‘ಲೆಪಿಸೋಸ್ಟಿಯಸ್’ ಗಾರ್ ಮೀನಿನ ಬಳಗದ್ದು. ಇಂದು ಗಾರ್‌ಗಳು ಬದುಕಿರುವುದು ಉತ್ತರ ಮತ್ತು ಮಧ್ಯ ಅಮೆರಿಕ, ಕ್ಯೂಬಾಗಳಲ್ಲಿ ಮಾತ್ರ. ಅದರ ಹುರುಪೆ ನಾವು ಮೀನು ಮಾರುಕಟ್ಟೆಯಲ್ಲಿ ಕೆರೆದು ಎಸೆಯುವ ತೆಳು ಹುರುಪೆಯಲ್ಲ. ವಜ್ರಾಕೃತಿಯ ದಪ್ಪ ಬಿಲ್ಲೆ, ಮೇಲೆ ಹಲ್ಲಿನ ಎನಾಮಲ್‌ನಂಥ ಹೊಳಪು. ಮೈ ಕೊಳೆತು ಚದುರಿದರೂ ಅದು ಉಳಿಯುತ್ತದೆ.

ತೆಳು ಹುರುಪೆಯೂ ಸಾಕ್ಷಿ ಹೇಳಬಲ್ಲದು. ಬ್ರಿಟಿಷ್ ಕಾಲದ ಮಧ್ಯಪ್ರಾಂತ್ಯದ ಲಾವಾ ನಡುವಣ ಪದರಗಳಲ್ಲಿ ದೊರೆತ ಹುರುಪೆಗಳನ್ನಷ್ಟೇ ಹಿಡಿದು ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1938ರಲ್ಲಿ ಪ್ರಬಂಧ ಬರೆದರು. ಇಡೀ ಮೀನಿಗಾಗಿ ಕಾಯದ ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವ.

ಯಾದಗಿರಿ ಜಿಲ್ಲೆಯ ಗುರುಮಠಕಲ್‌ನಲ್ಲೂ ಇಂಥ ಕೆರೆ ಪದರಗಳಿವೆ. ಊರಿನಲ್ಲೂ ಮುಂಬಯಿಯಲ್ಲೂ ನಮ್ಮವರು ಅಗೆಯುತ್ತಿರುವುದು ಅದೇ ದಖ್ಖನ್ ಲಾವಾವನ್ನು. ವರ್ಲಿಯಲ್ಲಿ ಗಗನಚುಂಬಿಗಳಿಗೆಂದು ನೆಲ ಕೊರೆದಾಗ ಕಪ್ಪು ಪದರ ಬಂದರೆ, ಮಣ್ಣಿನ ಲಾರಿ ಹೊರಡುವ ಮುನ್ನ ಭೂವಿಜ್ಞಾನಿಯೊಬ್ಬರು ಅದನ್ನು ನೋಡಲೇಬೇಕೆಂಬ ನಿಯಮ ಬರಬೇಕು. ಒಮ್ಮೆ ಅಗೆದ ಪದರ ಎರಡನೆಯ ಸಲ ಸಿಗುವುದಿಲ್ಲ.